ಮೂಲೆ ಹಿಡಿದು ಕೆಳಗೆ

ಮೀನು ಮತ್ತೆ ಮೇಲೆ ಬಂತು, ಬಾಯಿ ತೆರೆಯಿತು, ಮುಚ್ಚಿತು, ಗಾಜಿನ ತೊಟ್ಟಿಯ ಮೂಲೆಯಲ್ಲಿ ಗುಳ್ಳೆ ಬಿಡುವ ಸಣ್ಣ ಮೋಟರು, ಮೀನಿಗೂ ಗಾಳಿ ಬೇಕು ಅಂತ ಇವರಿಗೆ ಗೊತ್ತಿದೆ, ಧನುಶ್ರೀಗೆ ಅನಿಸಿತು, ಅನಿಸಿದ್ದು ಎದೆಯವರೆಗೆ ಇಳಿಯಲಿಲ್ಲ, ಕಣ್ಣಲ್ಲೇ ನಿಂತಿತು — ಹೊರಮಾವಿನ ಈ ಅಪಾರ್ಟ್‌ಮೆಂಟಿನ ಸಂಘದ ಆಫೀಸು, ಕುತ್ತಿಗೆಗೆ ಬಡಿಯುವ ಏಸಿ, ಮೇಜಿನ ಮೇಲೆ ಛಾಪಾ ಕಾಗದ, ಕಾಗದದ ಮೇಲೆ ಪೆನ್ನು, ಪೆನ್ನಿನ ಮುಚ್ಚಳ ಅವರೇ ತೆಗೆದಿಟ್ಟಿದ್ದಾರೆ. ನಿಧಾನವಾಗಿ ಓದಮ್ಮ, ಅವಸರ ಏನಿಲ್ಲ, ಅಂತಾರೆ ಸಂಘದ ಖಜಾಂಚಿ, ಅನ್ನುತ್ತಲೇ ಗಡಿಯಾರ ನೋಡುತ್ತಾರೆ. ಓದಿಯಾಗಿದೆ, ಬರೆದಿರುವುದು ಇಷ್ಟೇ. ನನ್ನ ಗಂಡ ಪ್ರೇಮ್‌ಕುಮಾರ್ ಯಾರೂ ಹೇಳದೆ ತಾನಾಗಿಯೇ ಗುಂಡಿಗೆ ಇಳಿದು ಮೃತಪಟ್ಟಿದ್ದು, ಸಂಘದ ಮೇಲೆ ನನ್ನ ಯಾವ ದೂರೂ ಇರುವುದಿಲ್ಲ. ತಾನಾಗಿಯೇ — ಈ ನೆಲದಡಿ, ಈ ಕುರ್ಚಿಯಡಿಯಲ್ಲೇ ಎಲ್ಲೋ, ಅಷ್ಟೂ ಮನೆಗಳ ಮಲ ಹರಿದು ಬಂದು ಸೇರುವ ಟ್ಯಾಂಕು, ಅವನು ಅದನ್ನು ಹೀರುವ ಲಾರಿಯ ಡ್ರೈವರು, ಪೈಪು ಬಿಡುವುದು ಅವನ ಕೆಲಸ, ಇಳಿಯುವುದಲ್ಲ. ಮೋಟರ್ ಕಟ್ಕೊಂಡಿದೆ, ಒಂದ್ಸಲ ಇಳಿದು ನೋಡ್ಬಿಡಪ್ಪ ಅಂತ ಇದೇ ಖಜಾಂಚಿ ಮೇಲೆ ನಿಂತು ಹೇಳಿದ್ದನ್ನು ಪ್ಲಂಬರ್ ಚಿಕ್ಕಮುನಿಯಪ್ಪ ಕೇಳಿಸಿಕೊಂಡಿದ್ದಾನೆ, ಹಗ್ಗ ಹಿಡಿದು ನಿಂತಿದ್ದವನೂ ಅವನೇ, ಆಸ್ಪತ್ರೆ ಬಾಗಿಲಲ್ಲಿ ಚರ್ಮ ಸುಲಿದ ಅಂಗೈ ತೋರಿಸಿ — ಸೊಂಟಕ್ಕೆ ಸುತ್ತೋಕೆ ಉದ್ದ ಸಾಲ್ಲಿಲ್ಲ ಕಣಮ್ಮ, ಕೈಯಲ್ಲೇ ಹಿಡ್ಕೊಂಡ್ ಇಳ್ದ, ಎಳ್ದೆ, ಎಳ್ದೆ, ಹಗ್ಗ ಮಾತ್ರ ಮೇಲ್ ಬಂತು. ಹಗ್ಗ ಮಾತ್ರ. ಚಪ್ಪಲಿ ಎಲ್ಲಿ ಅಂತ ಅವಳು ಆಗ ಕೇಳಿದ್ದಳು, ಯಾಕೆ ಕೇಳಿದಳೋ, ಹೊಸ ಚಪ್ಪಲಿ, ಹಿಂದಿನ ಭಾನುವಾರವಷ್ಟೇ ಮನೆಲೆಕ್ಕದ ಎಕ್ಸೆಲ್ ಶೀಟಿನಲ್ಲಿ ಬರೆದಿದ್ದಳು, ಖರ್ಚು, ಬಟ್ಟೆಬರೆ ಇತ್ಯಾದಿ.

ಅತ್ತಿಗೆ, ಪಕ್ಕದ ಕುರ್ಚಿಯಿಂದ ಮೈದುನ ಜಗನ್ ಪಿಸುಗುಟ್ಟುತ್ತಾನೆ, ಮೈತ್ರಿ ಫೀಸ್ ನೆನಪಿದೆಯಲ್ಲ, ಶೀಟ್ ಒಂದ್ಸಲ ತೆಗೆದ್ ನೋಡಿ, ಆಮೇಲೆ ನಿಮ್ಮಿಷ್ಟ — ಅಣ್ಣನ ಮೂಗು, ಅಣ್ಣನ ಕಿವಿ, ಅಣ್ಣನ ಧ್ವನಿಯಲ್ಲ. ಫೋನಿನಲ್ಲಿ ಶೀಟು ತೆರೆಯುತ್ತದೆ, ಬಾಡಿಗೆ, ಸಿಲಿಂಡರ್, ಮಗಳು ಮೈತ್ರಿಯ ಸ್ಕೂಲು, ಅತ್ತೆಯ ಬಿಪಿ ಮಾತ್ರೆ, ಕೊನೆಯ ಕಾಲಂನಲ್ಲಿ ಉಳಿಕೆ, ಉಳಿಕೆ ಹಸಿರಾಗಿದೆ, ಎಲ್ಲ ತಿಂಗಳೂ ಹಸಿರು. ಸುಳ್ಳು ಹಸಿರು. ಭಾನುವಾರ ಬುದ್ಧವಂದನೆ ಮುಗಿಸಿ, ಉಟ್ಟ ಬಿಳಿ ಬಟ್ಟೆಯಲ್ಲೇ ಇಬ್ಬರೂ ಲೆಕ್ಕಕ್ಕೆ ಕೂರುವುದು, ಬೈಯಪ್ಪನಹಳ್ಳಿಯ ಒಂಟಿ ಕೋಣೆ, ಹೊರಗೆ ಮೆಟ್ರೋ ತಿರುಗುವ ಕೀಚು ಸದ್ದು, ಮಡಿಲಲ್ಲಿ ಇಂದಿರಾನಗರದ ಅವಳ ಲ್ಯಾಬಿನವರು ಮೂಲೆಗೆಸೆದ ಹಳೇ ಲ್ಯಾಪ್‌ಟಾಪು, ಅವಳು ಅಲ್ಲಿ ಬಿಲ್ಲಿಂಗ್‌ನಲ್ಲಿ ಕೂರುವವಳು, ಮನೆಯದನ್ನೂ ಹಾಗೇ ಬರೆಯೋಣ ಮಾವ ಅಂತ ಗಂಡನಿಗೆ ಅಂದವಳೂ ಅವಳೇ. ಅವನಿಗೆ ಬೇರೇನೂ ಬೇಡ, ಎಳೆಯುವುದೊಂದು ಬೇಕು — ಸಂಬಳದ ಚೌಕದ ಕೆಳಗಿನ ಬಲಮೂಲೆಯಲ್ಲಿ ಆ ಸಣ್ಣ ಕಪ್ಪು ಕೂಡಿಸುವ ಗುರುತು, ಮೂಲೆ ಹಿಡ್ಕೊ ಮಾವ, ಬಿಡ್ಬೇಡ, ಹಾಗೇ ಕೆಳಗೆ ಎಳಿ, ಎಳೆದು ಬಿಟ್ಟರೆ ತಿಂಗಳು ತಿಂಗಳಿಗೂ ಸಂಬಳ ತಾನಾಗಿ ತುಂಬುತ್ತಿತ್ತು, ಸ್ಟೇರಿಂಗ್ ತಿರುಗಿಸಿ ಗಟ್ಟಿಯಾದ ಕೈಗೆ ನಿಲ್ಲಿಸುವುದು ತಿಳಿಯದೆ ಡಿಸೆಂಬರ್ ದಾಟಿ, ಮುಂದಿನ ವರ್ಷ ದಾಟಿ, ಮೈತ್ರಿಯ ಕಾಲೇಜೂ ದಾಟಿ, ಥೂ ಸಾಕು ನಿಲ್ಸು ಮಾವ, ಮುದುಕ ಆದ್ಮೇಲೂ ಲಾರಿ ಓಡ್ಸ್ತೀಯಾ ಏನು? ಓಡ್ಸ್ತೀನಿ ಕಣೇ, ನಿನ್ನ ಶೀಟೇ ಹೇಳ್ತಿದೆಯಲ್ಲ. ಅಳಿಸಿರಲಿಲ್ಲ, ತಮಾಷೆಗೆ ಹಾಗೇ ಬಿಟ್ಟಿದ್ದರು. ಈಗ ಸತ್ತವನು ತಿಂಗಳು ತಿಂಗಳೂ ದುಡಿಯುತ್ತಿದ್ದಾನೆ. ಅಣ್ಣನ ಸಂಬಳ ಅಳಿಸಿ ಅತ್ತಿಗೆ, ಅಳಿಸಿದ್ರೆ ನಿಜ ಏನು ಅಂತ ಕಾಣುತ್ತೆ, ಅಂದಿದ್ದ ಜಗನ್, ಬಸ್ಸಿನಲ್ಲೂ ಅದನ್ನೇ ಅಂದ. ಅಳಿಸಲು ಬೆರಳು ಇಡುತ್ತಾಳೆ, ಬೆರಳಿಗೆ ಏನೂ ಅನಿಸುವುದಿಲ್ಲ, ತೆಗೆಯುತ್ತಾಳೆ. ಅಳಿಸಿದರೆ ಕೆಂಪು. ಸೈನ್ ಹಾಕಿದರೆ ಸಂಘ ಕೊಡುವ ಐದು ಲಕ್ಷ, ಯಾವ ಹೆಡ್ಡಿಗೆ ಹಾಕುವುದು, ಆದಾಯದಡಿ ಅವಳೇ ಮಾಡಿಟ್ಟ ಹೆಡ್ಡು ಮೂರೇ, ಮಾವನ ಸಂಬಳ, ನನ್ನ ಸಂಬಳ, ಇತರೆ. ಇತರೆ. ಸೈನ್ ಬಿತ್ತು ಅಂದ್ರೆ ಕೇಸೂ ಸತ್ತೋಯ್ತು ಕಣವ್ವ, ಹಲಸೂರಿನ ಪೌರಕಾರ್ಮಿಕರ ಯೂನಿಯನ್ನಿನ ರಾಮಲಕ್ಷ್ಮಮ್ಮ ಅವಳ ಕೈ ಅದುಮಿ ಹೇಳಿದ್ದು, ಮನುಷ್ಯನ್ನ ಅದರೊಳಗೆ ಇಳಿಸೋದೇ ಅಪರಾಧ, ಕಾನೂನಿದೆ, ನೀನ್ ತಾನಾಗೇ ಇಳ್ದ ಅಂತ ಬರ್ಕೊಟ್ರೆ ನಾಳೆ ಇನ್ನೊಬ್ಳ ಗಂಡ ತಾನಾಗೇ ಇಳೀತಾನೆ. ಜಗನ್, ರಾಮಲಕ್ಷ್ಮಮ್ಮ, ಇಬ್ಬರೂ ಸರಿ. ಇಬ್ಬರ ಮಾತೂ ಗಾಜಿನಾಚೆಯಿಂದ ಕೇಳಿದ ಹಾಗಿದೆ, ಮೀನಿನ ಬಾಯಿ, ತೆರೆಯಿತು, ಮುಚ್ಚಿತು.

ಅಕೌಂಟ್ ನಂಬರ್ ನಾನ್ ಹೊಡೆದ್ರೆ ತಪ್ಪಾಗುತ್ತಮ್ಮ, ನೀನೇ ಹೊಡಿ, ಬಿಲ್ಲಿಂಗ್‌ನಲ್ಲಿ ಇರೋಳಲ್ವಾ — ಖಜಾಂಚಿ ಲ್ಯಾಪ್‌ಟಾಪು ಅವಳ ಕಡೆ ತಿರುಗಿಸಿ ಮೌಸು ಸರಿಸಿ ಹೆಬ್ಬೆಟ್ಟಿನ ಪ್ಯಾಡು ಹುಡುಕಲು ಬೀರುವಿನ ಕಡೆ ಹೋದರು, ಸಹಿ ಬಲ್ಲವಳಿಗೂ ಹೆಬ್ಬೆಟ್ಟು ಬೇಕಂತೆ, ಇರ್ಲಿ ಸೇಫ್ಟಿಗೆ ಅಂತಾರೆ, ಯಾರ ಸೇಫ್ಟಿಗೆ. ಪರದೆಯ ಮೇಲೆ ಸಂಘದ ಖರ್ಚಿನ ಶೀಟು. ಮನೆಯದರ ಹಾಗೇ, ಅದೇ ಗೆರೆ, ಅದೇ ಚೌಕ, ಇವರ ಮನೆ ದೊಡ್ಡದು ಅಷ್ಟೆ, ವಿವರ ಅನ್ನುವ ಕಾಲಂನಲ್ಲಿ ಲಿಫ್ಟ್ ಸರ್ವಿಸು, ಹಬ್ಬದ ಲೈಟಿಂಗು, ಮೀನಿನ ತೊಟ್ಟಿ ಕ್ಲೀನಿಂಗು, ಅದರ ಕೆಳಗಿನ ಸಾಲಲ್ಲಿ ಐದು ಲಕ್ಷ, ಐದು ಲಕ್ಷದ ವಿವರ — ಟ್ಯಾಂಕ್ ಮೋಟರ್ ರಿಪೇರಿ. ಓದಿದಳು. ಮತ್ತೆ ಓದಿದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ, ಲ್ಯಾಬಿನಲ್ಲಿ ರಕ್ತದ ಬಿಲ್ಲು ಎಕ್ಸ್‌ರೇ ಹೆಡ್ಡಿಗೆ ಬಿದ್ದಿದ್ದರೆ ಏನು ಮಾಡುತ್ತಾಳೋ ಅದನ್ನೇ ಕೈ ಮಾಡಿತು, ಚೌಕದೊಳಗೆ ಹೋಗಿ ಮೋಟರ್ ರಿಪೇರಿ ಅಳಿಸಿತು, ಟೈಪ್ ಮಾಡಿತು, ಪ್ರೇಮ್‌ಕುಮಾರ್, ನಾವು ಗುಂಡಿಗೆ ಇಳಿಸಿ ಕೊಂದವನು. ಮೂಲೆಯಲ್ಲಿ ಆ ಸಣ್ಣ ಕಪ್ಪು ಗುರುತು. ಹಿಡ್ಕೊ ಮಾವ. ಎಳೆದು ಬಿಟ್ಟಳು, ತುಂಬಿತು, ಗಾರ್ಡನ್ ಇದ್ದಲ್ಲಿ ಪ್ರೇಮ್‌ಕುಮಾರ್, ಈಜುಕೊಳ ಇದ್ದಲ್ಲಿ ಪ್ರೇಮ್‌ಕುಮಾರ್, ಜಿಮ್ಮು, ಸೆಕ್ಯುರಿಟಿ, ಸಂಘದ ಊಟ, ಎಲ್ಲದರ ಮೇಲೂ ಅವನು. ಏನಮ್ಮ ಇದು, ಏನ್ ಮಾಡ್ದೆ, ಖಜಾಂಚಿ ಪ್ಯಾಡು ಹಿಡಿದು ನಿಂತಿದ್ದಾರೆ. ಹೆಡ್ಡು ತಪ್ಪಿತ್ತು ಸಾರ್, ಸರಿ ಮಾಡ್ದೆ. ಬರುವುದು ಪ್ರತಿದಿನ ಬಿಲ್ಲು ಕೊಡುವ ಧ್ವನಿಯೇ. ಸಹಿ ಹಾಕದ ಛಾಪಾ ಕಾಗದ ಮಡಿಸಿ ಅವರ ಕಡೆ ಸರಿಸಿದಳು, ಪೆನ್ನು ಉರುಳಿ ಬಿತ್ತು, ಎತ್ತಲಿಲ್ಲ, ಜಗನ್ ಮುಖ ಮುಚ್ಚಿಕೊಂಡ, ಫೀಸು, ಬಾಡಿಗೆ, ಅತ್ತೆಯ ಮಾತ್ರೆ, ಕೆಂಪು, ಇರಲಿ, ಕೆಂಪೇ ಇರಲಿ. ಬಿಡಮ್ಮ, ಮೌಸ್ ಬಿಡು, ಅನ್ಡೂ ಮಾಡ್ಬೇಕು, ಕೈ ಬಿಡು. ಕೈ ಮತ್ತೆ ಮೂಲೆ ಹಿಡಿದಿದೆ. ಕೊನೆಯ ಸಾಲು ದಾಟಿತು, ಕೆಳಗೆ ಬರೀ ಚೌಕಗಳು, ಖಾಲಿ, ಬಿಳಿ, ತಳವಿಲ್ಲ, ಬಿಡ್ಬೇಡ ಅಂದಿದ್ದೆನಲ್ಲ ಮಾವ, ಬಿಟ್ಟರೆ ತುಂಬುತ್ತದೆ, ಬಿಡುತ್ತಿಲ್ಲ, ಎಳೆಯುತ್ತಿದ್ದಾಳೆ, ಬೆರಳ ತುದಿಯಲ್ಲಿ ಸಣ್ಣ ಕಪ್ಪು ಗುರುತು, ಅದರ ಕೆಳಗೆ ಇನ್ನೂ ಕೆಳಗೆ, ಹಗ್ಗ, ಹಗ್ಗ ಮಾತ್ರ