ಒಬ್ಬಳಿಗೆ ಚಹಾದ ಅಳತೆ

ಖರ್ಜೂರದ ಸುಗ್ಗಿ ಮುಗಿದ ಮೇಲೆ ಮರುಭೂಮಿಯ ಆತಾರ್ ಊರಿನ ಅಂಗಳಗಳು ಒಂದೊಂದಾಗಿ ಖಾಲಿಯಾಗುತ್ತವೆ. ಬೇಸಿಗೆಯ ತುಂಬ ಕಡಲ ಕಡೆಯ ಪಟ್ಟಣಗಳಿಂದ ನೆಂಟರು ಬಂದು ಅಂಗಳದ ಗುಡಾರಗಳಲ್ಲಿ ತುಂಬಿರುತ್ತಾರೆ. ಹಗಲು ಖರ್ಜೂರ, ರಾತ್ರಿ ಹರಟೆ, ಕೋಳಿ ಕೂಗುವವರೆಗೂ ಚಹಾ. ಆಮೇಲೆ ಒಂದು ಮುಂಜಾನೆ ಕಾರಿನ ಮೇಲೆ ಮೂಟೆ ಬಿಗಿದು ಎಲ್ಲರೂ ಹೊರಟುಬಿಡುತ್ತಾರೆ. ಹೋದವರಿಗೆ ದಾರಿಯಲ್ಲಿ ನಿದ್ದೆ ಬರುತ್ತದೆ. ಉಳಿದವರಿಗೆ ಬರುವುದಿಲ್ಲ.

ಸಲ್ಕಾ ಉಳಿದವಳು. ಹಿಂದಿನ ಚಳಿಗಾಲದಲ್ಲಿ ಗಂಡ ಹಮ್ಮಾದಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವಳೊಬ್ಬಳೇ. ಮಗಳು ಆಮಿನತು ಒಣಹೊಳೆಯ ಆಚೆ ದಡದಲ್ಲಿ, ಅತ್ತೆಯ ಮನೆಯಲ್ಲಿದ್ದಾಳೆ. ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಅತ್ತೆಗೆ ಮಗುವಿನ ಹಿಂದೆ ಓಡುವ ಶಕ್ತಿಯಿಲ್ಲ. ಬೆಳಗ್ಗೆ ಶಾಲೆಗೆ ಹೋಗುವಾಗ ಪುಟ್ಟ ಮಗಳು ಮುನೀನಾಳನ್ನು ತಾಯಿಯ ಮಡಿಲಿಗೆ ಹಾಕಿ, ಮಧ್ಯಾಹ್ನ ಬಂದು ಕರೆದೊಯ್ಯುತ್ತಾಳೆ. ಆ ಅರ್ಧ ದಿನವೇ ಸಲ್ಕಾಳ ಇಡೀ ದಿನ. ಆಮಿನತು ತಟ್ಟುವ ಮೊದಲೇ ಬಾಗಿಲು ತೆರೆದುಕೊಳ್ಳುತ್ತಿತ್ತು. ಅಮ್ಮ ಎಷ್ಟು ಬೇಗ ಏಳುತ್ತಾಳೆ ಎಂದು ಮಗಳು ಅಂದುಕೊಳ್ಳುತ್ತಿದ್ದಳು. ಅಮ್ಮ ಮಲಗಿಯೇ ಇರಲಿಲ್ಲ ಎಂಬುದು ಅವಳಿಗೆ ಹೊಳೆದಿರಲಿಲ್ಲ.

ಮಗು ಹೋದ ಮೇಲೆ ಸಲ್ಕಾ ಒಂದಿಷ್ಟು ಉಂಡು ಗುಡಾರದ ಚಾಪೆಯ ಮೇಲೆ ಬೀಳುತ್ತಿದ್ದಳು. ಬಿಸಿಲಿನ ಹೊತ್ತು, ಎದ್ದು ಮಾಡುವುದಾದರೂ ಏನು. ಕಣ್ಣು ಬಿಡುವಷ್ಟರಲ್ಲಿ ನೆರಳು ಗೋಡೆ ಏರಿರುತ್ತಿತ್ತು. ಸಂಜೆಯ ಪ್ರಾರ್ಥನೆ ಮುಗಿಸಿ ಅಗ್ಗಿಷ್ಟಿಕೆಗೆ ಕೆಂಡ ಹಾಕಿ ಚಹಾಕ್ಕೆ ಕೂರುತ್ತಿದ್ದಳು. ಹಸಿರು ಚಹಾದ ಎಲೆಯನ್ನು ಕಡುವಾಗಿ ಕುದಿಸಿ, ಪುದೀನ, ಸಕ್ಕರೆ ಹಾಕಿ, ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ದು ನೊರೆ ಕಟ್ಟಿಸಿ ಮೂರು ಸುತ್ತು ಕುಡಿಯುವ ಚಹಾ ಅದು. ಚಹಾಕ್ಕೆ ಮೂರು ಬೇಕು ಅನ್ನುತ್ತಾರೆ ಅಲ್ಲಿಯ ಹಿರಿಯರು: ಕೆಂಡ ಬೇಕು, ನಿಧಾನ ಬೇಕು, ಜನ ಬೇಕು. ಸಲ್ಕಾಳ ಬಳಿ ಮೊದಲೆರಡು ಬೇಕಾದಷ್ಟಿದ್ದವು.

ಹಮ್ಮಾದಿ ಇದ್ದಾಗ ಚಹಾ ಮಾಡುತ್ತಿದ್ದವನು ಅವನೇ. ತಟ್ಟೆಯ ಮೇಲೆ ಆರು ಲೋಟ ಸಾಲಾಗಿ ಇಡುತ್ತಿದ್ದ. ಯಾರಾದರೂ ಬಂದೇ ಬರುತ್ತಾರೆ ಎಂಬ ಲೆಕ್ಕ. ಬರುತ್ತಲೂ ಇದ್ದರು. ಈಗಲೂ ಸಲ್ಕಾ ಆರು ಲೋಟವೇ ಇಡುತ್ತಿದ್ದಳು. ಒಬ್ಬಳಿಗೆ ಚಹಾ ಮಾಡುವ ಅಳತೆ ಆ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಮಾಡಿದ್ದನ್ನು ಚೆಲ್ಲುವುದು ಪಾಪ. ಹೀಗಾಗಿ ಮೂರು ಸುತ್ತನ್ನೂ ಅವಳೇ ಕುಡಿಯುತ್ತಿದ್ದಳು, ಒಂದೊಂದು ಲೋಟಕ್ಕೂ ಒಬ್ಬೊಬ್ಬರನ್ನು ನೆನೆಯುತ್ತ.

ಆಮೇಲೆ ಅದೇ ಚಾಪೆಯ ಮೇಲೆ ಈ ಮಗ್ಗುಲು, ಆ ಮಗ್ಗುಲು. ಎದೆ ಡವಡವ ಅನ್ನುತ್ತಿತ್ತು. ಫೋನು ತೆಗೆದು, ತಂಗಿ ಪಟ್ಟಣದಿಂದ ಕಳಿಸಿದ್ದ ಧ್ವನಿ ಸಂದೇಶಗಳನ್ನೇ ಮತ್ತೆ ಮತ್ತೆ ಕೇಳುತ್ತಿದ್ದಳು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಸಂತೆಯೇ ಎದ್ದುಹೋದ ಆ ಅಂಗಳದಲ್ಲಿ ಅವಳ ರೆಪ್ಪೆಗೆ ರೆಪ್ಪೆ ಹತ್ತುತ್ತಿರಲಿಲ್ಲ. ಯಾರಿಗೆ ಹೇಳುವುದು? ಹೊಟ್ಟೆನೋವೆಂದರೆ ಜನ ಕೇಳಿಸಿಕೊಳ್ಳುತ್ತಾರೆ. ನಿದ್ದೆ ಬರುವುದಿಲ್ಲ ಎಂದರೆ, ವಯಸ್ಸಾಯಿತು ಬಿಡು ಎಂದು ನಗುತ್ತಾರೆ.

ಮಾರುಕಟ್ಟೆಯಲ್ಲಿ ಬಟ್ಟೆ ಮಾರುವ ಹೆಂಗಸೊಬ್ಬಳು ಅವಳ ಕಣ್ಣಿನ ಕೆಳಗಿನ ಕಪ್ಪು ನೋಡಿ, ಕಾಗದದಲ್ಲಿ ಸುತ್ತಿದ ಎರಡು ಮಾತ್ರೆ ಕೊಟ್ಟಳು. ತನ್ನ ಅಣ್ಣನಿಗೆ ಯಾರೋ ಡಾಕ್ಟರು ಕೊಟ್ಟದ್ದಂತೆ. ನುಂಗಿದರೆ ಕಲ್ಲಿನ ಹಾಗೆ ಮಲಗಬಹುದಂತೆ. ಸಲ್ಕಾ ಅವನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಕೆಲವು ದಿನ ಮುಟ್ಟಲಿಲ್ಲ. ಒಂದು ದಿನ ಇನ್ನೇನು ಬೆಳಗಾಗುತ್ತದೆ ಎನ್ನುವಾಗ, ತಡೆಯಲಾರದೆ ಒಂದನ್ನು ನುಂಗಿಬಿಟ್ಟಳು.

ನಿದ್ದೆ ಬಂತು, ಬರಬಾರದ ಹೊತ್ತಿನಲ್ಲಿ. ಆಮಿನತು ಮಗುವನ್ನು ಬಿಟ್ಟುಹೋದದ್ದು ಅವಳಿಗೆ ಮಸುಕು ಮಸುಕಾಗಿ ನೆನಪು. ಮಗುವಿಗೆ ಹಾಲು ಕಾಯಿಸಲು ಕೆಂಡ ಮಾಡಿದ್ದು ನೆನಪು. ಆಮೇಲೆ ಕೇಳಿಸಿದ್ದು ಮುನೀನಾಳ ಚೀರಾಟ. ಪಕ್ಕದ ಮನೆಯ ಜೈನಬು ಓಡಿ ಬಂದಾಗ ಮಗು ಅಗ್ಗಿಷ್ಟಿಕೆಯ ಬಳಿ ಅಂಗೈ ಚಾಚಿಕೊಂಡು ಅಳುತ್ತಿತ್ತು. ಸಲ್ಕಾ ಎದ್ದು ನಿಲ್ಲಲಾರದೆ, ಕೈಯೂರಿಕೊಂಡು ಮಗುವಿನ ಕಡೆಗೆ ತೆವಳುತ್ತಿದ್ದಳು.

ಜೈನಬು ಊರಿನ ಆರೋಗ್ಯ ಕೇಂದ್ರದಲ್ಲಿ ನರ್ಸು. ಅಂದು ಅವಳಿಗೆ ಸಂಜೆಯ ಪಾಳಿ ಇದ್ದದ್ದು ಪುಣ್ಯ. ಪುಟ್ಟ ಕೈಯನ್ನು ತಣ್ಣೀರಿನ ಕೆಳಗೆ ಬಹಳ ಹೊತ್ತು ಹಿಡಿದಳು. ಬೊಬ್ಬೆ ಎದ್ದಿತ್ತು, ಆಳದ ಗಾಯವಲ್ಲ.

ಆಮಿನತು ಬಂದು ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು ಅನ್ನಿಸಿತು ಸಲ್ಕಾಳಿಗೆ.

"ಅಮ್ಮಾ, ನಿನ್ನ ಮೇಲೆ ಸಿಟ್ಟಿಲ್ಲ ನಂಗೆ," ಎಂದಳು ಮಗಳು, ಮಗುವಿನ ಕೈಗೆ ಸುತ್ತಿದ ಬಟ್ಟೆಯನ್ನು ನೋಡುತ್ತ. "ಆದ್ರೆ ಇನ್ಮೇಲೆ ಇವಳನ್ನ ಇಲ್ಲಿ ಬಿಟ್ಟು ಹೋಗೋಕೆ ಧೈರ್ಯ ಬರಲ್ಲ."

ತಿಂಗಳ ಕೊನೆಯವರೆಗೆ ಅವಳು ರಜೆ ಹಾಕಿದಳು. ಆಮೇಲೆ ಮಗುವನ್ನು ರಾಜಧಾನಿಗೆ, ನಾದಿನಿಯ ಮನೆಗೆ ಕಳಿಸುವುದೆಂದು ಅತ್ತೆಯ ಮನೆಯಲ್ಲಿ ಮಾತಾಗಿತ್ತು.

ಮರುದಿನ ಸಂಜೆ ಜೈನಬು ಬಂದಾಗ ಸಲ್ಕಾ ಚಹಾದ ಮುಂದೆ ಕೂತಿದ್ದಳು.

"ಯಾರು ಬರ್ತಾರೆ ಸಲ್ಕಕ್ಕ ಇವತ್ತು?"

"ಯಾರೂ ಬರಲ್ಲ."

"ಮತ್ತೆ ಆರು ಲೋಟ?"

ಸಲ್ಕಾ ಕೆಂಡವನ್ನು ಕೆದಕಿದಳು. "ಇಟ್ಟು ಅಭ್ಯಾಸ."

"ಕುಡಿಯೋರು ಯಾರು?"

"ನಾನೇ. ಚೆಲ್ಲೋಕಾಗತ್ತಾ?"

"ಮೂರೂ ಸುತ್ತು?" ಜೈನಬು ಅವಳ ಪಕ್ಕ ಕೂತಳು. "ಅಕ್ಕ, ಒಂಟೆಗೆ ಇಷ್ಟು ಚಹಾ ಕುಡಿಸಿದ್ರೆ ಅದೂ ಬೆಳಗಿನ ತನಕ ನಿಂತೇ ಇರತ್ತೆ."

ಸಲ್ಕಾಳಿಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ಬಂದ ನಗು; ಅದರ ಹಿಂದೆಯೇ ಅಳುವೂ ಬಂತು. ಸೆರಗಿನ ಗಂಟು ಬಿಚ್ಚಿ, ಉಳಿದಿದ್ದ ಮಾತ್ರೆ ತೋರಿಸಿ, ಮಗಳಿಗೂ ಹೇಳದ ಮಾತನ್ನು ಹೇಳಿದಳು. ಜೈನಬು ಬೈಯಲಿಲ್ಲ. ಒಬ್ಬರಿಗೆ ಕೊಟ್ಟ ಮಾತ್ರೆ ಇನ್ನೊಬ್ಬರಿಗೆ ವಿಷವೂ ಆಗಬಹುದು, ನಿದ್ದೆಯ ಮಾತ್ರೆಯನ್ನು ಡಾಕ್ಟರು ನೋಡಿಯೇ ಕೊಡಬೇಕು ಎಂದು ಹೇಳಿ ಅದನ್ನು ತನ್ನ ಕೈಗೆ ತೆಗೆದುಕೊಂಡಳು. ಆದರೆ ನಿದ್ದೆ ಕೆಡಿಸಿದ್ದು ಸಂಜೆಯ ಚಹಾ ಎಂದಾಗ ಸಲ್ಕಾ ಒಪ್ಪಲಿಲ್ಲ.

"ನಮ್ಮಜ್ಜಿ ಹಲ್ಲಿಲ್ಲದ ಬಾಯಲ್ಲಿ ಚಹಾ ಹೀರ್ತಿದ್ಲು, ಆಮೇಲೆ ಗೊರಕೆ ಹೊಡೀತಿದ್ಲು. ಚಹಾದಿಂದ ನಿದ್ದೆ ಹೋಗೋದಾದ್ರೆ ಈ ಊರಲ್ಲಿ ಒಬ್ರೂ ಮಲಗಬಾರದು."

"ನಿಮ್ಮಜ್ಜಿ ಬೆಳಗಿಂದ ಆಡಿನ ಹಿಂದೆ ಓಡ್ತಿದ್ಲು. ಹತ್ತು ಜನದ ಜೊತೆ ಕೂತು ತನ್ನ ಪಾಲು ಕುಡೀತಿದ್ಲು. ನೀನು ಹತ್ತು ಜನದ ಪಾಲನ್ನ ಒಬ್ಬಳೇ ಕುಡೀತೀಯ. ರಾತ್ರಿಯ ನಿದ್ದೆನ ಮಧ್ಯಾಹ್ನವೇ ಮಲಗಿ ಮುಗಿಸ್ತೀಯ. ಆಮೇಲೆ ನಿದ್ದೆ ಬರಲ್ಲ ಅಂತೀಯ."

ಕೆಟಲಿ ಉಕ್ಕಿ ಕೆಂಡ ಚುಂಯ್ ಎಂದಿತು.

"ಚಹಾನೂ ಬಿಟ್ರೆ ನಂಗೆ ಉಳಿಯೋದು ಏನು ಜೈನಬು?"

ಜೈನಬು ಒಂದು ಲೋಟವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಬಿಡು ಅನ್ನಲ್ಲ ಅಕ್ಕ. ಬೆಳಗ್ಗೆ ಮಾಡೋಣ. ಕೆಂಡ ನಿಂದು, ನಿಧಾನ ನಿಂದು. ಜನ ನಾನು."

ಮರುದಿನದಿಂದ ಹಾಗೇ ಆಯಿತು. ಬಿಸಿಲೇರುವ ಮೊದಲು ಜೈನಬು ಗೋಡೆಯಾಚೆಯಿಂದ ಪುದೀನ ಹಿಡಿದು ಬರುತ್ತಿದ್ದಳು; ಸಂಜೆಯ ಪಾಳಿ ಇಲ್ಲದ ದಿನ ಕೆಲಸಕ್ಕೆ ಹೋಗುವ ದಾರಿಯಲ್ಲೇ ಒಂದು ಗಳಿಗೆ ಕೂತು ಹೋಗುತ್ತಿದ್ದಳು. ಸಂಜೆಯ ಚಹಾವನ್ನು ಒಮ್ಮೆಲೇ ಅಲ್ಲ, ದಿನಕ್ಕಿಷ್ಟು ಎಂದು ಕಡಿಮೆ ಮಾಡಿಸಿದಳು. ಆದರೂ ಸಲ್ಕಾಳ ತಲೆ ಸಿಡಿಯಿತು. ಹಣೆಗೆ ಬಟ್ಟೆ ಬಿಗಿದುಕೊಂಡು ಗೋಡೆಯ ಮೇಲಿಂದ ಇಣುಕಿ, ನಿನ್ನ ಮಾತು ಕೇಳಿ ಇದ್ದ ತಲೆಯೂ ಹೋಯಿತು ನೋಡು ಎಂದು ಹಂಗಿಸಿದಳು. ಅದು ಚಹಾ ಬಿಡುವಾಗಿನ ನೋವು, ಕೆಲವು ದಿನ ಇದ್ದು ಹೋಗುತ್ತದೆ ಎಂದಳು ಜೈನಬು. ಕೊನೆಗೆ ಮಧ್ಯಾಹ್ನದ ಮೇಲೆ ಚಹಾ ಮುಟ್ಟುವುದು ನಿಂತಿತು. ಸಂಜೆಗೆ ಒಂದು ಬಟ್ಟಲು ಹಾಲು.

ಊಟದ ನಂತರ ಮಲಗುವುದೂ ಹೋಯಿತು. ತೀರಾ ಸುಸ್ತಾದರೆ ಗೋಡೆಗೊರಗಿ ಒಂದು ಸಣ್ಣ ಜೊಂಪು, ಅಷ್ಟೇ. ಚಾಪೆ ಇನ್ನು ರಾತ್ರಿಯ ನಿದ್ದೆಗೆ ಮಾತ್ರ. ಫೋನು ಒಳಕೋಣೆಯ ಗೂಡಿಗೆ ಹೋಯಿತು. ರಾತ್ರಿ ಹೇಗೇ ಕಳೆದಿರಲಿ, ಬೆಳಗಿನ ಪ್ರಾರ್ಥನೆಯ ಕರೆಗೆ ಏಳಲೇಬೇಕು, ಎದ್ದು ಬೆಳಕಿಗೆ ಬರಬೇಕು ಎಂದಳು ಜೈನಬು. ಮಲಗಿ ನಿದ್ದೆ ಬಾರದಿದ್ದರೆ ಅದರ ಜೊತೆ ಗುದ್ದಾಡಬಾರದು. ಎದ್ದು ಬೇರೆ ಕಡೆ ಕೂತು, ಮಂದ ಬೆಳಕಿನಲ್ಲಿ ಬೇಸರ ಬರುವ ಕೆಲಸ ಮಾಡಿ, ಕಣ್ಣು ಎಳೆದಾಗ ಮತ್ತೆ ಮಲಗಬೇಕು. ಸಲ್ಕಾ ಖರ್ಜೂರದ ಬೀಜ ಬಿಡಿಸುತ್ತ ಕೂತಳು. ಮೊದಮೊದಲು ಬುಟ್ಟಿಯೇ ಖಾಲಿಯಾಯಿತು, ನಿದ್ದೆ ಬರಲಿಲ್ಲ. ಅಂಗಳ ಅಷ್ಟೇ ದೊಡ್ಡದು, ಅಷ್ಟೇ ನಿಶ್ಶಬ್ದ. ನಿದ್ದೆಗಿಂತ ಮೊದಲು ಆ ನಿಶ್ಶಬ್ದವನ್ನು ರೂಢಿ ಮಾಡಿಕೊಳ್ಳಬೇಕಾಯಿತು ಅವಳು.

ಬೆಳಗಿನ ಚಹಾದ ಮುಂದೆ ಹಮ್ಮಾದಿಯ ಮಾತು ಬರತೊಡಗಿತು. ಅವನು ಸಕ್ಕರೆ ಹೆಚ್ಚು ಹಾಕುತ್ತಿದ್ದದ್ದು, ಕೊನೆಯ ದಿನ ನೀರು ಕೇಳಿದ್ದು, ಅವಳು ತರುವಷ್ಟರಲ್ಲಿ ಹೋಗಿಬಿಟ್ಟದ್ದು. ಇಷ್ಟು ದಿನ ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. "ಹಗಲಲ್ಲಿ ಹೇಳಿಬಿಡು ಅಕ್ಕ," ಎಂದಳು ಜೈನಬು. "ಹೇಳದೆ ಉಳಿದದ್ದೇ ರಾತ್ರಿ ಬಂದು ಎಬ್ಬಿಸೋದು."

ಒಂದು ರಾತ್ರಿ ಬುಟ್ಟಿ ಅರ್ಧವೂ ಆಗಿರಲಿಲ್ಲ, ಬೆರಳು ನಿಂತಿತು. ಮತ್ತೊಂದು ರಾತ್ರಿ ಬುಟ್ಟಿಯನ್ನು ಮುಟ್ಟಲೇ ಇಲ್ಲ. ನಡುವೆ ಕೆಟ್ಟ ರಾತ್ರಿಗಳೂ ಬಂದವು. ಅಗ್ಗಿಷ್ಟಿಕೆಯನ್ನು ಅವಳು ಮಗುವಿನ ಕೈಗೆಟುಕದ ಕಟ್ಟೆಯ ಮೇಲೆ ಏರಿಸಿ ಇಟ್ಟಳು. ಮಗು ಮಾತ್ರ ಬರುತ್ತಿರಲಿಲ್ಲ.

ಜೈನಬು ಆಮಿನತುವಿಗೆ ಎಲ್ಲ ಹೇಳಿದ್ದಳು, ಸಲ್ಕಾಳ ಒಪ್ಪಿಗೆ ಪಡೆದು ಮಾತ್ರೆಯ ವಿಷಯವನ್ನೂ. ಆದರೆ ಸುಟ್ಟ ಕೈ ನೋಡಿದ ತಾಯಿಗೆ ಮಾತಿನಿಂದ ಧೈರ್ಯ ಬರುವುದಿಲ್ಲ.

ತಿಂಗಳು ಮುಗಿಯಿತು. ರಾಜಧಾನಿಯ ಕಾರು ಬಿಸಿಲಿಗೆ ಮುಂಚೆ, ನಸುಕಿನಲ್ಲೇ ಹೊರಡುತ್ತದೆ. ಮಗುವಿನ ಗಂಟು ಆಗಲೇ ಕಾರಿನಲ್ಲಿತ್ತು, ಅದನ್ನು ಕರೆದೊಯ್ಯಬೇಕಿದ್ದ ಮೈದುನ ಚಾಲಕನ ಪಕ್ಕ ಕೂತಿದ್ದ. ಅಜ್ಜಿಗೆ ಒಮ್ಮೆ ಮುಖ ತೋರಿಸಿ ಹೋಗೋಣವೆಂದು ಆಮಿನತು ಬೀದಿಯ ತುದಿಯಲ್ಲಿ ಕಾರು ನಿಲ್ಲಿಸಿ, ಮುನೀನಾಳನ್ನು ಎತ್ತಿಕೊಂಡು ಬಂದಳು.

ಬಾಗಿಲು ತೆರೆದುಕೊಳ್ಳಲಿಲ್ಲ. ತಟ್ಟಿದಳು. ಸದ್ದಿಲ್ಲ. ಮತ್ತೆ ತಟ್ಟಿದಳು. ಕದ ನೂಕಿ ಒಳಗೆ ನುಗ್ಗಿದಳು.

ಗುಡಾರದಲ್ಲಿ ಅಮ್ಮ ಮಲಗಿದ್ದಳು. ಬಾಯಿ ಒಂದಿಷ್ಟು ತೆರೆದಿತ್ತು, ಸಣ್ಣಗೆ ಗೊರಕೆ. ಒಂದು ಕೈ ಕೆನ್ನೆಯ ಕೆಳಗೆ. ದೂರದಲ್ಲಿ ತಟ್ಟೆಯ ಮೇಲೆ ತೊಳೆದ ಆರು ಲೋಟ ಬೋರಲಾಗಿ ಕೂತಿದ್ದವು. ಅಮ್ಮ ಮಲಗಿರುವುದನ್ನು ತಾನು ಕೊನೆಯ ಸಲ ನೋಡಿದ್ದು ಯಾವಾಗ ಎಂದು ಆಮಿನತುವಿಗೆ ನೆನಪಾಗಲಿಲ್ಲ. ಅಜ್ಜಿ ಅನ್ನಲು ಬಾಯಿ ತೆರೆದ ಮಗುವಿನ ತುಟಿಯ ಮೇಲೆ ಬೆರಳಿಟ್ಟು, ಚಾಪೆಯ ಅಂಚಿನಲ್ಲಿ ಕೂತಳು.

ಮಸೀದಿಯಿಂದ ಕರೆ ಬಂತು. ಸಲ್ಕಾ ಕಣ್ಣು ಬಿಟ್ಟಳು, ತಿಳಿಯಾದ ಕಣ್ಣು.

"ಯಾವಾಗ ಬಂದ್ರಿ? ತಟ್ಟಬಾರದಿತ್ತಾ?"

"ತಟ್ಟಿದೆ ಅಮ್ಮಾ," ಎಂದಳು ಆಮಿನತು. "ಎರಡು ಸಲ ತಟ್ಟಿದೆ."

ಬೀದಿಯಲ್ಲಿ ಕಾರು ಹಾರ್ನ್ ಹೊಡೆಯಿತು. ಆಮಿನತು ಮಗುವನ್ನು ಅಮ್ಮನ ಮಡಿಲಿಗೆ ಹಾಕಿ ಹೊರಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಮಗುವಿನ ಗಂಟು ಇತ್ತು. ಕಾರು ಹೊರಟುಹೋದ ಸದ್ದು ಅಂಗಳಕ್ಕೆ ಕೇಳಿಸಿತು. ಈ ಸಲ ಉಳಿದವಳು ಒಬ್ಬಳೇ ಆಗಿರಲಿಲ್ಲ.

ಮಧ್ಯಾಹ್ನ ಮಗು ಎಂದಿನಂತೆ ಹೊಳೆಯಾಚೆ ಹೋಗುತ್ತದೆ. ರಾತ್ರಿ ಸಲ್ಕಾ ಎಂದಿನಂತೆ ಒಬ್ಬಳೇ. ಆದರೆ ಮಲಗುತ್ತಾಳೆ.

ಇದನ್ನು ಓದುವ ಅಕ್ಕಂದಿರೇ, ಅಣ್ಣಂದಿರೇ, ನಿದ್ದೆ ಬಾರದಿರುವುದು ನಾಚಿಕೆಯ ವಿಷಯವಲ್ಲ, ವಯಸ್ಸಿನ ಹಣೆಬರಹವೂ ಅಲ್ಲ. ನೀವು ಸಂಜೆ ಕುಡಿಯುವ ಕಾಫಿ, ಚಹಾ ಎಷ್ಟು, ಮಧ್ಯಾಹ್ನ ಮಲಗುವುದು ಎಷ್ಟು, ಹಾಸಿಗೆಗೆ ಫೋನು ಬರುತ್ತದೆಯೇ ಎಂದು ಇವತ್ತೇ ನೋಡಿಕೊಳ್ಳಿ. ದಿನವೂ ಒಂದೇ ಹೊತ್ತಿಗೆ ಏಳಿ. ಬೇರೆಯವರ ಮಾತ್ರೆ ನುಂಗಬೇಡಿ. ನಿದ್ದೆಗೆಟ್ಟ ಮರುದಿನ ಬೆಂಕಿ, ವಾಹನ, ಎಳೆ ಮಕ್ಕಳು, ಇವುಗಳ ಬಳಿ ಒಬ್ಬರೇ ಇರಬೇಡಿ. ವಾರಗಳಾದರೂ ನಿದ್ದೆ ಮರಳದಿದ್ದರೆ, ಮಲಗಿದಾಗ ಉಸಿರು ಕಟ್ಟಿದಂತಾದರೆ, ಬದುಕೇ ಬೇಡ ಅನ್ನಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ.

ನಿಮಗೆ ಒಳ್ಳೆಯ ನಿದ್ದೆ ಬರುತ್ತಿದ್ದರೆ ನಿಮಗೂ ಒಂದು ಕೆಲಸವಿದೆ. ನಿಮ್ಮ ಬೀದಿಯಲ್ಲಿ ತಡರಾತ್ರಿಯವರೆಗೂ ದೀಪ ಉರಿಯುವ ಮನೆ ಯಾವುದೆಂದು ನೋಡಿಕೊಳ್ಳಿ. ಬೆಳಗ್ಗೆ ಹೋಗಿ ಆ ಬಾಗಿಲು ತಟ್ಟಿ, ಒಂದು ಲೋಟ ಚಹಾ ಕೇಳಿ ಕುಡಿದು ಬನ್ನಿ.