ಡೆಲ್ಮರ್‌ನನ್ನು ಜಿಯಾನ್ ಚರ್ಚಿಗೆ ಕೊಟ್ಟದ್ದು

ಡಿಸೆಂಬರ್ ಮೊದಲ ವಾರದಲ್ಲಿ ಟೀಮು ತನ್ನ ಎಡಗೈ ಎಸೆತಗಾರ ಅಕೋಸ್ಟಾನನ್ನು ಕೊಟ್ಟುಬಿಟ್ಟಿತು. ಬೇಸ್‌ಬಾಲ್ ಲೋಕದಲ್ಲಿ ಇದಕ್ಕೆ ಅದಲುಬದಲು ಅನ್ನುತ್ತಾರೆ. ಹಟ್ಟಿಯ ಗೂಳಿಯನ್ನು ಕೊಟ್ಟು ಎರಡು ಎಳೆಗರು ಹೊಡೆದುಕೊಂಡು ಬರುವ ವ್ಯವಹಾರ. ಕರುಗಳೆಂದರೆ ಸಣ್ಣ ಊರಿನ ಟೀಮುಗಳಲ್ಲಿ ಆಡುತ್ತಿದ್ದ, ಮೀಸೆ ಕೂಡ ನೆಟ್ಟಗೆ ಮೂಡದ ಇಬ್ಬರು ಹುಡುಗರು. "ಮುಂದೆ ಬಹಳ ಚೆನ್ನಾಗಿ ಬರ್ತಾರೆ" ಎಂದು ಟೀಮಿನ ಮ್ಯಾನೇಜರ್ ರೇಡಿಯೋದಲ್ಲಿ ಹೇಳಿದ.

"ಮುಂದೆ ಅಂದ್ರೆ ಯಾವಾಗಪ್ಪಾ? ಹುಟ್ಟಿದಾಗಿಂದ ಇದೇ ಕೇಳ್ತಾ ಇದ್ದೀನಿ!" ಎಂದು ರೋಲಂಡ್ ಬ್ಯೂಟ್ನರ್ ರೇಡಿಯೋಗೆ ಬೈದ.

ರೋಲಂಡ್ ಚೀಸ್ ಕಾರ್ಖಾನೆಯಿಂದ ನಿವೃತ್ತನಾದವನು. ವಿಸ್ಕಾನ್ಸಿನ್ನಿನಲ್ಲಿ, ಸರೋವರದ ಗಾಳಿ ನೇರವಾಗಿ ಮೂಳೆಗೇ ಬಂದು ಕೂರುವ ಒಂದು ಸಣ್ಣ ಊರಿನಲ್ಲಿ ಅವನ ಮನೆ. ಬೇಸಿಗೆಯಲ್ಲಿ ಆಟ ನೋಡುವುದು, ಚಳಿಗಾಲದಲ್ಲಿ ಆಟವಿಲ್ಲವೆಂದು ಮೈ ಪರಚಿಕೊಳ್ಳುವುದು, ಇವೆರಡು ಬಿಟ್ಟು ಅವನಿಗೆ ಮೂರನೆಯ ಕೆಲಸವಿರಲಿಲ್ಲ. ನಿಜ ಹೇಳಬೇಕೆಂದರೆ ಆಟಕ್ಕಿಂತ ಈ ಪರಚಾಟವೇ ಅವನಿಗೆ ಹೆಚ್ಚು ಇಷ್ಟ. ಆಟ ನಡೆಯುವಾಗ ಆಡುವವರು ಬೇರೆಯವರು. ಚಳಿಗಾಲದಲ್ಲಿ ಟೀಮು ಪೂರ್ತಿ ಇವನದೇ.

"ನಾವು ಅವನಿಗೆ ಐದು ವರ್ಷದ ಕರಾರು ಕೊಡಬೇಕಾಗಿತ್ತು" ಎಂದ.

ಹೆಂಡತಿ ಆರ್ಲಿಸ್ ಕ್ರಿಸ್‌ಮಸ್ ಬಿಸ್ಕತ್ತಿಗೆ ಹಿಟ್ಟು ಲಟ್ಟಿಸುತ್ತಿದ್ದಳು. "ನಾವು ಅಂದ್ರೆ ಯಾರು? ನೀನೂ ನಾನೂನಾ? ನನ್ನ ಹತ್ರ ಅಷ್ಟು ದುಡ್ಡಿದ್ರೆ ಮೊದಲು ಈ ಒಲೆ ಬದಲಾಯಿಸ್ತಿದ್ದೆ ಮಾರಾಯಾ."

"ನಿನಗೆ ಗೊತ್ತಾಗಲ್ಲ ಬಿಡು. ಹತ್ತು ವರ್ಷ ನಮ್ಮನೆ ಮಗನ ಥರ ಇದ್ದ. ನಿಷ್ಠೆ ಅನ್ನೋದೇ ಇಲ್ಲವಾ ಈ ಜನಕ್ಕೆ?"

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಬೇರೆಯವರ ತಿಜೋರಿಯಿಂದ ಕೋಟಿ ಕೋಟಿ ಎತ್ತಿ ಹಂಚುವಾಗ ರೋಲಂಡ್‌ನಂಥ ಉದಾರಿ ಇನ್ನೊಬ್ಬನಿಲ್ಲ. ತನ್ನ ಜೇಬಿನಿಂದ ಕಾಫಿ ಕೊಡಿಸಬೇಕಾದಾಗ ಮಾತ್ರ ಅವನ ಕೈಗೆ ಪಾರ್ಶ್ವವಾಯು ಹೊಡೆಯುತ್ತಿತ್ತು.

ಕ್ರಿಸ್‌ಮಸ್ ಹೊತ್ತಿಗೆ, ಅದಲುಬದಲಿನಲ್ಲಿ ಅವನನ್ನು ಪಡೆದಿದ್ದ ಪೂರ್ವದ ಸಿರಿವಂತ ಟೀಮು ಅಕೋಸ್ಟಾನಿಗೆ ಏಳು ವರ್ಷದ ಕರಾರು ಬರೆದುಕೊಟ್ಟಿತು. ಮೂವತ್ತಮೂರು ವರ್ಷದ ಭುಜಕ್ಕೆ ಏಳು ವರ್ಷ! ರೇಡಿಯೋದ ಪಂಡಿತರು ಲೆಕ್ಕ ಹಾಕಿದರು: ಮೊದಲೆರಡು ವರ್ಷ ಎಸೆಯುತ್ತಾನೆ, ಮೂರನೆಯದರಲ್ಲಿ ಮೊಣಕೈ ಆಪರೇಶನ್, ನಾಲ್ಕನೆಯದರಲ್ಲಿ ವಿಶ್ರಾಂತಿ, ಉಳಿದದ್ದರಲ್ಲಿ ಬೆಂಚಿನ ಮೇಲೆ ಕೂತು ಸೂರ್ಯಕಾಂತಿ ಬೀಜ ಅಗಿದು ಸಿಪ್ಪೆ ಉಗಿಯುತ್ತಾನೆ. ಹಾಗಾದರೆ ನಮ್ಮ ಮ್ಯಾನೇಜರ್ ದಡ್ಡನಲ್ಲ, ಮಹಾ ಬುದ್ಧಿವಂತ. ಆ ಮ್ಯಾನೇಜರೋ ಕಾಲೇಜಿನಲ್ಲಿ ಅಂಕಿಸಂಖ್ಯೆ ಓದಿದವನು, ಹುಟ್ಟಿದಾರಭ್ಯ ಒಂದು ಚೆಂಡನ್ನು ನೆಟ್ಟಗೆ ಎಸೆದವನಲ್ಲ. "ಒಂದು ವರ್ಷ ತಡವಾಗಿ ಕಳಿಸೋದಕ್ಕಿಂತ ಒಂದು ವರ್ಷ ಮೊದಲೇ ಕಳಿಸೋದು ಮೇಲು" ಎಂದು ಅವನು ಹೇಳಿದ್ದೇ ತಡ, ರೋಲಂಡ್‌ಗೆ ಅದು ವೇದವಾಕ್ಯವಾಯಿತು. ನಿಷ್ಠೆಯ ಮಾತು ಎತ್ತಿದವರನ್ನೆಲ್ಲ ಈಗ ಅವನೇ ಗೇಲಿ ಮಾಡತೊಡಗಿದ. "ಕೈ ಇನ್ನೂ ಬೆಲೆ ಬಾಳೋವಾಗ್ಲೇ ದಾಟಿಸಿಬಿಡಬೇಕು. ಭಾವನೆ ಗೀವನೆ ಎಲ್ಲಾ ಸೋಲೋರಿಗೆ."

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ಕೇಡಿರಲಿಲ್ಲ. ಆದರೆ ದೇವರ ದಯೆಯಿಂದ ರೋಲಂಡ್‌ಗೂ ಒಂದು ಟೀಮಿತ್ತು.

ಆ ಸೀಮೆಯ ಲೂಥರನ್ ಚರ್ಚುಗಳ ನೆಲಮಾಳಿಗೆಗಳಲ್ಲಿ ಚಳಿಗಾಲದ ಮಂಗಳವಾರ ಸಂಜೆ ಡಾರ್ಟ್‌ಬಾಲ್ ನಡೆಯುತ್ತದೆ. ಗೋಡೆಗೆ ಬೇಸ್‌ಬಾಲ್ ಮೈದಾನ ಬರೆದ ಹಲಗೆ ಒರಗಿಸಿ, ದೂರದಿಂದ ಕೈ ಕೆಳಗಿನಿಂದ ಬೀಸಿ ಡಾರ್ಟ್ ಎಂಬ ಪುಟ್ಟ ಬಾಣ ಎಸೆಯುವುದು. ಅದು ಚುಚ್ಚಿಕೊಂಡ ಮನೆಯಲ್ಲಿ ಏನು ಬರೆದಿದೆಯೋ ಅದೇ ಫಲ: ಓಟ ಸಿಕ್ಕರೂ ಸಿಕ್ಕೀತು, ಔಟಾದರೂ ಆದೀತು. ರೋಲಂಡ್ ಇಮ್ಯಾನ್ಯುಯೆಲ್ ಚರ್ಚಿನ ಕ್ಯಾಪ್ಟನ್. ಪಕ್ಕದ ಜಿಯಾನ್ ಚರ್ಚಿನ ಮುಂದೆ ಅವನ ಟೀಮು ಗೆದ್ದು ಯಾವ ಕಾಲವಾಯಿತೋ ಕರ್ತನೇ ಬಲ್ಲ.

ಟೀಮಿನಲ್ಲಿ ಎಲ್ಲರಿಗಿಂತ ಹಳಬ ರೋಲಂಡ್‌ನ ಭಾವ ಡೆಲ್ಮರ್. ರೋಲಂಡ್‌ನ ಅಕ್ಕ ಮಾರ್ಸೆಲ್ಲಾಳ ಗಂಡ. ಆಕೆ ತೀರಿಕೊಂಡು ಮೂರು ವರ್ಷ. ಪ್ರತಿ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಡೆಲ್ಮರ್ ಚರ್ಚಿನ ಹಿಂದಿನ ಸಮಾಧಿಗಳ ಕಡೆ ನಡೆದು, ಕಲ್ಲಿನ ಮೇಲಿನ ಹಿಮವನ್ನು ಕೈಗವಸಿನಿಂದ ಒರೆಸಿ ಬರುತ್ತಿದ್ದ. ಕಲ್ಲಿನ ಮೇಲೆ ಇಬ್ಬರ ಹೆಸರೂ ಇತ್ತು. ಆಕೆಯದು ಪೂರ್ತಿ, ಇವನದು ಹುಟ್ಟಿದ ವರ್ಷ, ಒಂದು ಗೀಟು, ಮುಂದೆ ಖಾಲಿ. ಮಾರ್ಸೆಲ್ಲಾಳ ಪಕ್ಕದ ಆ ಜಾಗ ಒಂದೇ ಅವನು ಈ ಲೋಕದಲ್ಲಿ ಇನ್ನೂ ಬಯಸುತ್ತಿದ್ದ ಆಸ್ತಿ. ಇಮ್ಯಾನ್ಯುಯೆಲ್ ಸಭೆಯ ಸದಸ್ಯರನ್ನು ಬಿಟ್ಟು ಬೇರೆ ಯಾರನ್ನೂ ಅಲ್ಲಿ ಹೂಳುವಂತಿಲ್ಲ. ಇದು ಊರಿಗೆಲ್ಲ ಗೊತ್ತು, ರೋಲಂಡ್‌ಗೂ ಗೊತ್ತು. ಆದರೆ ವ್ಯವಹಾರದ ಮಂಪರು ಹತ್ತಿದವನಿಗೆ ಸ್ವಂತ ಅಕ್ಕನ ಗೋರಿಯೂ ಕಾಣುವುದಿಲ್ಲ.

ಆ ಚಳಿಗಾಲ ಡೆಲ್ಮರ್‌ನ ಕೈ ಸಣ್ಣಗೆ ನಡುಗಲು ಶುರುವಾಗಿತ್ತು. ಎಸೆದ ಡಾರ್ಟು ಹಲಗೆಗೆ ತಾಗಿ ತೊಪ್ಪನೆ ನೆಲಕ್ಕೆ ಬೀಳುತ್ತಿತ್ತು. "ಹಲಗೆ ಗಟ್ಟಿಯಾಗಿದೆ" ಎಂದು ಅವನು ನಗುತ್ತಿದ್ದ. ರೋಲಂಡ್ ನಗಲಿಲ್ಲ.

ಹೊಸ ವರ್ಷದ ಮೊದಲ ಮಂಗಳವಾರ, ಜಿಯಾನ್ ಚರ್ಚಿನ ಮುಂದೆ ಮತ್ತೆ ಸೋತು ಕಾಫಿ ಕುಡಿಯುವಾಗ, ಅವರ ಕ್ಯಾಪ್ಟನ್ ಗೋರ್ಡಿ ಟೆಶ್ ಕೀಟಲೆಗೆ ನಿಂತ. ಗೋರ್ಡಿಯದು ಟೈರಿನ ಅಂಗಡಿ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಬಾಯಿ.

"ರೋಲಿ, ನಿಮ್ಮ ಡೆಲ್ಮರ್ ಮಾಡೋ ಆಲೂಗಡ್ಡೆ ಸಲಾಡು ಇದೆಯಲ್ಲ, ಅದಕ್ಕೋಸ್ಕರ ನಾನು ಯಾರನ್ನ ಬೇಕಾದ್ರೂ ಕೊಟ್ಟುಬಿಡ್ತೀನಿ ನೋಡು."

"ಕರ್ಟಿಸ್‌ನ ಕೊಡ್ತೀಯಾ?"

ಕರ್ಟಿಸ್ ಅಂದರೆ ಜಿಯಾನ್ ಟೀಮಿನ ಹೊಸ ತರುಣ. ಅವನು ಕೈ ಬೀಸಿದರೆ ಡಾರ್ಟು ಹೋಗಿ ಕೂರುವುದು ಎಲ್ಲಕ್ಕಿಂತ ಹೆಚ್ಚು ಫಲದ ಹೋಂ ರನ್ನಿನ ಮನೆಯಲ್ಲೇ. ಗೋರ್ಡಿ ಹೊಟ್ಟೆ ಕುಲುಕಿಸಿ ನಕ್ಕ. ಆಮೇಲೆ ನಗು ನಿಲ್ಲಿಸಿದ. ಕರ್ಟಿಸ್ ಅಭ್ಯಾಸಕ್ಕೆ ಬರುವುದಿಲ್ಲ, ಪಾತ್ರೆ ತೊಳೆಯಲು ನಿಲ್ಲುವುದಿಲ್ಲ, ಹಿರಿಯರಿಗೆ ಎದುರುತ್ತರ ಕೊಡುತ್ತಾನೆ. "ಬೇಕಾದ್ರೆ ತಗೊಂಡು ಹೋಗು, ಪುಣ್ಯ ಬರುತ್ತೆ" ಎಂದ.

ಒಂದೇ ತೊಡಕು. ಯಾವ ಚರ್ಚಿನ ಸದಸ್ಯನೋ ಆ ಚರ್ಚಿಗೇ ಆಡಬೇಕು. ಅಂದರೆ ಡಾರ್ಟಿನ ಅದಲುಬದಲು ಆಗಬೇಕಾದರೆ ಆತ್ಮಗಳೂ ಅದಲುಬದಲಾಗಬೇಕು. ಕರ್ಟಿಸ್‌ಗೆ ಅದೇನೂ ದೊಡ್ಡದಲ್ಲ. "ಎರಡು ಕಡೆನೂ ಅದೇ ಕಾಫಿ ತಾನೇ" ಎಂದು ಅವನು ಒಪ್ಪಿದ.

ಡೆಲ್ಮರ್‌ಗೆ ರೋಲಂಡ್ ಹೋಟೆಲಿನಲ್ಲಿ ಶುಕ್ರವಾರದ ಮೀನೂಟದ ಹೊತ್ತಿಗೆ ವಿಷಯ ತಿಳಿಸಿದ. ರೇಡಿಯೋದ ಮ್ಯಾನೇಜರ್ ಮಾತಾಡುವ ಧಾಟಿಯಲ್ಲೇ: "ನಿನ್ನ ಸೇವೆಗೆ ನಾವೆಲ್ಲ ಋಣಿಗಳು ಭಾವ. ಆದ್ರೆ ಟೀಮಿನ ಭವಿಷ್ಯ ನೋಡಬೇಕಲ್ಲ. ಜಿಯಾನ್‌ನೋರು ನಿನ್ನನ್ನ ತುಂಬಾ ಗೌರವದಿಂದ ನೋಡ್ಕೋತಾರೆ."

ಡೆಲ್ಮರ್ ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಸರಿಸಿದ. "ಟೀಮಿಗೆ ಒಳ್ಳೇದಾಗೋದಾದ್ರೆ ಆಗ್ಲಿ ಬಿಡು" ಎಂದ.

ಆ ಊರಿನಲ್ಲಿ ಕಾರು ಹಿಂದಕ್ಕೆ ತೆಗೆಯುವಾಗ ಪಕ್ಕದವನ ಹೂವಿನ ಪಾತಿ ತುಳಿದುಹಾಕಿದರೂ ಅವನು ಹೇಳುವುದು ಇದೇ ಮಾತು. ಎದೆಗೆ ಚಾಕು ಹಾಕಿದರೂ "ಪರವಾಗಿಲ್ಲ, ಹಳೇ ಅಂಗಿ" ಅನ್ನುವ ಜನ. ಅಲ್ಲೇ ಹುಟ್ಟಿ ಬೆಳೆದ ರೋಲಂಡ್‌ಗೆ ಇದು ತಿಳಿಯದ್ದೇನಲ್ಲ. ಆದರೂ ಒಪ್ಪಿಗೆ ಎಂದೇ ತಿಳಿದು ಸಂತೋಷವಾಗಿ ಇನ್ನೊಂದು ಬಿಯರ್ ತರಿಸಿದ. ಅವನಿಗೆ ಬೇಕಾದದ್ದು ಅದೇ ತಾನೇ.

ಮುಂದಿನ ಮಂಗಳವಾರ ಕರ್ಟಿಸ್‌ನ ಕೈಚಳಕದಿಂದ ಇಮ್ಯಾನ್ಯುಯೆಲ್ ಗೆದ್ದಿತು. ಅದರ ಮುಂದಿನ ವಾರವೂ ಗೆದ್ದಿತು. ನೆಲಮಾಳಿಗೆಯಲ್ಲಿ ಅಜ್ಜಿಯರು ಕೂಡ ಮೇಜು ಗುದ್ದಿ ಕೂಗಿದರು. ಬೆಳಗ್ಗೆ ತಿಂಡಿಯ ಹೊತ್ತಿಗೆ ರೋಲಂಡ್ ಆಟವನ್ನು ಎಸೆತ ಎಸೆತವಾಗಿ ಹೆಂಡತಿಗೆ ಬಣ್ಣಿಸಿದ.

"ಅದಿರ್ಲಿ, ಡೆಲ್ಮರ್ ಎರಡು ಭಾನುವಾರದಿಂದ ಕಾಣ್ತಿಲ್ಲ. ಹುಷಾರಾಗಿದ್ದಾನಾ?" ಎಂದಳು ಆರ್ಲಿಸ್.

"ಹುಷಾರಾಗಿದ್ದಾನೆ. ಈಗ ಜಿಯಾನ್ ಚರ್ಚಿಗೆ ಹೋಗ್ತಾನೆ. ನಾನೇ ಕಳಿಸ್ದೆ. ಅವನನ್ನ ಕೊಟ್ಟೇ ಕರ್ಟಿಸ್‌ನ ತಂದಿದ್ದು!"

ಆರ್ಲಿಸ್ ಕೈಯಲ್ಲಿದ್ದ ಮೊಟ್ಟೆಯನ್ನು ಕೆಳಗಿಟ್ಟಳು. "ಸದಸ್ಯತ್ವ ಬಿಡಿಸಿಬಿಟ್ಟೆಯಾ?"

"ನಿಯಮ ಹಾಗಿದೆ."

"ಹಾಗಾದ್ರೆ ನಾಳೆ ಮಾರ್ಸೆಲ್ಲಾ ಪಕ್ಕ ಯಾರನ್ನ ಮಲಗಿಸ್ತೀಯಾ? ಕರ್ಟಿಸ್‌ನಾ?"

ರೋಲಂಡ್ ತಿಂಡಿ ಬಿಟ್ಟು ಎದ್ದ. ಅಕ್ಕ ಸಾಯುವ ಮುಂಚೆ ಇವನ ಕೈ ಹಿಡಿದು "ಅವರನ್ನ ನೋಡ್ಕೋ ರೋಲಿ, ಅವರಿಗೆ ಬಾಯಿಲ್ಲ" ಎಂದಿದ್ದಳು. ನೋಡಿಕೊಂಡಿದ್ದ, ಇಷ್ಟು ಚೆನ್ನಾಗಿ.

ನೇರ ಡೆಲ್ಮರ್‌ನ ಮನೆಗೆ ಹೋಗಬೇಕಿತ್ತು. ಮುಖ ತೋರಿಸಲು ಧೈರ್ಯವಾಗದೆ ಗೋರ್ಡಿಯ ಅಂಗಡಿಗೆ ಹೋದ. ವ್ಯವಹಾರ ಮಾಡಿ ಕೆಡಿಸಿದ್ದನ್ನು ಇನ್ನೊಂದು ವ್ಯವಹಾರ ಮಾಡಿ ಸರಿಪಡಿಸುವುದೆಂದು ಅವನ ಲೆಕ್ಕ.

"ನೀನು ಸೋತಿದ್ದಕ್ಕೆ ವಾಪಸ್ ಕೇಳ್ತಿದ್ರೆ ಅರ್ಥ ಆಗ್ತಿತ್ತು. ಗೆದ್ದವನು ಯಾಕೆ ಕೇಳ್ತೀಯಾ? ಭಾನುವಾರ ಸಲಾಡು ತಿಂದು ನಮ್ಮ ಪಾದ್ರಿ ಕಣ್ಣಲ್ಲಿ ನೀರು ಬಂತು" ಎಂದ ಗೋರ್ಡಿ.

"ಬೇಕಾದ್ರೆ ಡೆಲ್ಮರ್ ಬದಲು ನಾನೇ ಬರ್ತೀನಿ."

ಗೋರ್ಡಿ ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ, ಸವೆದ ಟೈರು ನೋಡುವ ಹಾಗೆ. "ಬೇಜಾರು ಮಾಡ್ಕೋಬೇಡ ರೋಲಿ. ನಿನ್ನನ್ನ ಪುಕ್ಕಟೆ ಕೊಟ್ರೂ ಇಟ್ಕೊಳ್ಳೋಕೆ ನಮ್ಮಲ್ಲಿ ಜಾಗ ಇಲ್ಲ."

ಆದರೂ ಗೋರ್ಡಿ ಕಟುಕನಲ್ಲ. ಮಾರ್ಸೆಲ್ಲಾಳ ಪಕ್ಕದ ಜಾಗದ ಮಾತು ಕಿವಿಗೆ ಬಿದ್ದ ಕೂಡಲೇ ಟೋಪಿ ತೆಗೆದ. ಕರ್ಟಿಸ್ ವಾಪಸಾದರೆ ಸಾಕು, ಒಪ್ಪುತ್ತೇನೆ ಎಂದ. ಆದರೆ ಬಿಟ್ಟು ಹೋದವನನ್ನು ಮತ್ತೆ ಸೇರಿಸಿಕೊಳ್ಳಲು ಇಮ್ಯಾನ್ಯುಯೆಲ್ ಸಭೆ ಕೈ ಎತ್ತಬೇಕು. ಅದು ಜನವರಿಯ ಕೊನೆಯ ಭಾನುವಾರದ ವಾರ್ಷಿಕ ಸಭೆಯಲ್ಲಿ.

ಆ ದಿನ ಆರ್ಲಿಸ್ ತಾನೇ ಹೋಗಿ ಡೆಲ್ಮರ್‌ನನ್ನು ಕರೆತಂದು ಹಿಂದಿನ ಸಾಲಿನಲ್ಲಿ ಕೂರಿಸಿದಳು. ರೋಲಂಡ್ ಎದ್ದು ನಿಂತು ವಿಷಯ ಹೇಳಿದ: ಡೆಲ್ಮರ್ ವಾಪಸ್ ಬರಬೇಕು, ಕರ್ಟಿಸ್ ಹೋಗಬೇಕು. ಸಭೆ ಗುಜುಗುಜು ಎಂದಿತು. ಗೆಲುವಿನ ರುಚಿ ಹತ್ತಿದ ಜನ! ಸಮಾಧಿಯ ನಿಯಮವನ್ನು ಬರೆದಿಟ್ಟಿದ್ದ ಹಿರಿಯರೇ ಈಗ ಭುಜದ ಲೆಕ್ಕಕ್ಕೆ ಇಳಿದರು.

"ಡೆಲ್ಮರ್ ಒಳ್ಳೇ ಮನುಷ್ಯ, ಇಲ್ಲ ಅನ್ನಲ್ಲ. ಆದ್ರೆ ವಯಸ್ಸಾಯ್ತಲ್ಲ."

"ಕರ್ಟಿಸ್‌ಗೆ ಇಪ್ಪತ್ತಾರು. ಇನ್ನೂ ಹದಿನೈದು ವರ್ಷ ಎಸೀತಾನೆ."

"ಅಂದ ಹಾಗೆ ಡೆಲ್ಮರ್ ಇನ್ನೆಷ್ಟು ವರ್ಷ ಇರ್ತಾನೆ? ಸುಮ್ನೆ ಕೇಳ್ದೆ ಅಷ್ಟೇ" ಎಂದಳು ಪಿಯಾನೋ ಬಾರಿಸುವ ಅಜ್ಜಿ ವರ್ನಾ.

ಎಲ್ಲರ ಬಾಯಲ್ಲೂ ತನ್ನದೇ ಮಾತು ಕೇಳಿ ರೋಲಂಡ್‌ಗೆ ನಾಚಿಕೆಯಾಯಿತು. ಇಷ್ಟು ಅಸಹ್ಯವಾಗಿ ಕೇಳಿಸುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ಎಷ್ಟು ವರ್ಷವಾ?" ಎಂದು ಅವನು ಅಜ್ಜಿಯ ಕಡೆ ತಿರುಗಿದ. "ಸತ್ತವರು ಎದ್ದು ಬರೋ ದಿನದವರೆಗೂ ಇರ್ತಾನೆ, ವರ್ನಾ. ಇಲ್ಲೇ ಹಿಂದುಗಡೆ, ನಮ್ಮಕ್ಕನ ಪಕ್ಕದಲ್ಲಿ. ಅಷ್ಟು ಉದ್ದದ ಕರಾರು ಯಾವ ಟೀಮೂ ಯಾರಿಗೂ ಕೊಟ್ಟಿಲ್ಲ. ತಪ್ಪು ನಂದು. ನನ್ನ ಮುಖ ನೋಡಬೇಡಿ, ಅವಳ ಮುಖ ನೋಡಿ ಕೈ ಎತ್ತಿ."

ಮೊದಲು ವರ್ನಾಳ ಕೈ ಎದ್ದಿತು, ಮುಖ ಕೆಂಪಾಗಿತ್ತು. ಆಮೇಲೆ ಒಂದೊಂದಾಗಿ ಎಲ್ಲರದೂ. ರೋಲಂಡ್ ಕಣ್ಣೊರೆಸಿಕೊಂಡು ಹಿಂದಿನ ಸಾಲಿಗೆ ತಿರುಗಿದ. "ಆಯ್ತಲ್ಲ ಭಾವ! ಮಂಗಳವಾರ ಬೇಗ ಬಂದುಬಿಡು. ಮೊದಲನೇ ಡಾರ್ಟು ನಿಂದೇ."

ಡೆಲ್ಮರ್ ಎದ್ದ. ನಡುಗುವ ಕೈಯಿಂದ ಮುಂದಿನ ಬೆಂಚನ್ನು ಹಿಡಿದುಕೊಂಡ.

"ಒಂದ್ಸಲ ಕೊಟ್ಟೆ, ಒಂದ್ಸಲ ವಾಪಸ್ ತಗೊಂಡೆ. ಎರಡು ಸಲಾನೂ ನೀನು ನನಗೆ ಬರೀ ಹೇಳಿದೆ ರೋಲಿ. ನನ್ನನ್ನ ಕೇಳ್ಲಿಲ್ಲ" ಎಂದ. ಅವನು ಸಿಟ್ಟಿನಿಂದ ಮಾತಾಡಿದ್ದನ್ನು ಆ ಚರ್ಚಿನಲ್ಲಿ ಯಾರೂ ಕೇಳಿರಲಿಲ್ಲ. "ಆಗ್ಲಿ ಬಿಡು ಅಂದಾಗ, ನೀನು 'ಬ್ಯಾಡ ಭಾವ, ತಮಾಷೆಗಂದೆ' ಅಂತೀಯೇನೋ ಅಂತ ಕಾದೆ. ಮನೆಗೆ ಹೋಗಿ ಫೋನ್ ಪಕ್ಕದಲ್ಲೂ ಕಾದೆ. ಗೋರ್ಡಿ ದೊಡ್ಡ ಬಾಯಿಯವನು ಇರಬಹುದು. ಆದ್ರೆ ಪ್ರತಿ ಭಾನುವಾರ ನೀವೆಲ್ಲ ಮನೆಗೆ ಹೋದ ಮೇಲೆ ನನ್ನನ್ನ ಕಾರಲ್ಲಿ ಇಲ್ಲಿಗೆ ಕರ್ಕೊಂಡು ಬಂದು, ಕಲ್ಲು ಒರೆಸೋವರೆಗೂ ಹಿಮದಲ್ಲಿ ನಿಂತಿರ್ತಿದ್ದ."

ರೋಲಂಡ್ ತಲೆ ಎತ್ತಲಿಲ್ಲ. "ಈಗ ಕೇಳ್ತೀನಿ ಭಾವ. ವಾಪಸ್ ಬರ್ತೀಯಾ?"

"ಬರ್ತೀನಿ. ಸಾಯೋದಕ್ಕೆ ಈ ಚರ್ಚಿಗೇ ಬರ್ತೀನಿ" ಎಂದು ಡೆಲ್ಮರ್ ಕೋಟಿನ ಗುಂಡಿ ಹಾಕಿಕೊಂಡ. "ಡಾರ್ಟಿಗೆ ಮಾತ್ರ ಬೇರೆ ಯಾರನ್ನಾದ್ರೂ ನೋಡ್ಕೋ."