ಗುರುಸಿದ್ದವ್ವನ ಫೋನಿನಲ್ಲಿ ಇನ್ನೂ ಮಂಗಳವಾರ

ಗುರುವಾರ ಮಧ್ಯಾಹ್ನ ಹೊನವಾಡದ ಗುರುಸಿದ್ದವ್ವ ಫೋನ್ ನೋಡಿದಳು. ಹವಾಮಾನದ ಪುಟದಲ್ಲಿ ಸೂರ್ಯ ಹೊಳೆಯುತ್ತಿದ್ದ. ಸರಿ, ಗಾಳಿಯಾಡಲಿ ಎಂದು ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡಿನ ಸುತ್ತ ಮಳೆಗೆ ಇಳಿಬಿಟ್ಟಿದ್ದ ತಾಡಪತ್ರಿ ಎತ್ತಿ ಕಟ್ಟಿದಳು. ವರ್ಷದ ದ್ರಾಕ್ಷಿಯೆಲ್ಲ ಒಳಗೆ ಅರ್ಧ ಒಣಗಿತ್ತು. ಮಳೆ ತಾಗಿದರೆ ಮಣೂಕ ಕಪ್ಪಾಗುತ್ತದೆ, ಆಮೇಲೆ ಯಾರೂ ಕೇಳುವುದಿಲ್ಲ.

ಸಂಜೆ ಪಕ್ಕದ ಮನೆಯ ತರನ್ನುಮ ಬಸ್ಸಿಳಿದು ಬಂದಳು. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅವಳ ಕೆಲಸ.

"ಕಾಕು, ತಾಡಪತ್ರಿ ಯಾಕ ಎತ್ತೀರಿ? ಇವತ್ತ ಮಳಿ ಐತಿ."

"ಇಲ್ಲವಾ, ನೋಡಿಲ್ಲೆ, ಬಿಸಿಲ ತೋರಸಾಕತ್ತೈತಿ."

ತರನ್ನುಮ ಪುಟದ ಮೂಲೆ ನೋಡಿ ನಕ್ಕಳು. "ಕಾಕು, ನಿಮ್ಮ ಫೋನ್‌ನ್ಯಾಗ ಇನ್ನೂ ಮಂಗಳವಾರ ಐತಿ!"

ಗಂಡ ಅಮರಪ್ಪನಿಗೆ ಸಿಟ್ಟು ಬಂತು. "ಈ ಓಣ್ಯಾಗ ಮೊದಲ ವೈಫೈ ಹಾಕಿಸಿದಾಂವ ನಾನು. ನನ್ನ ನೆಟ್ ಸುಳ್ಳ ಹೇಳತೈತೇನು?"

"ಸುಳ್ಳಲ್ಲ ಕಾಕಾ, ಹಳೇದು. ನಿಮ್ಮ ತಮ್ಮ ಅಮಸಿದ್ದಗ ತಿಕೋಟಾಕ್ಕ ಹೋಗಿ ಮಣೂಕದ ರೇಟ ಕೇಳ್ಕೊಂಡ ಬಾ ಅಂತೀರಿ. ಆಂವ ಹೋಗದನ ಊರ ಬಾಗಲದ ಅಗಸ್ಯಾಗ ಕುಂತು ಮೊನ್ನಿ ರೇಟ ಹೇಳಿದ್ರ?"

"ಕಾಲ ಮುರೀತೀನಿ ಅವಂದು."

"ನೆಟ್‌ನವರೂ ನಡುವ ಅಂಥಾದೊಂದು ಕಂಪ್ಯೂಟರ್ ಇಟ್ಟಾರ. ಪ್ರಾಕ್ಸಿ ಅಂತಾರ. ಒಮ್ಮೆ ತಂದ ಪುಟಾನ ಮತ್ತ ಮತ್ತ ಕೊಡತೈತಿ. ಅವರಿಗೆ ಖರ್ಚು ಹಗೂರ. ಮ್ಯಾಲ ವಿಳಾಸದ ಬಾಜೂಕ ಬೀಗದ ಗುರುತಿಲ್ಲದ ಪುಟ ಇದ್ರ, ನೀವು ಬರದದ್ದನ್ನೂ ಅದು ಓದಬಹುದು."

ಅಮರಪ್ಪನ ಮುಖ ಸಣ್ಣದಾಯಿತು. "ನಾ ನೋಡಿದ್ದೂ ಗೊತ್ತಾಗತೈತೇನು?"

"ಅಂಥಾದ್ದೇನ ನೋಡ್ತೀರಿ?" ಎಂದಳು ಗುರುಸಿದ್ದವ್ವ.

ತರನ್ನುಮ ವೈಫೈ ಆರಿಸಿ, ಸಿಮ್ ಡೇಟಾದಲ್ಲಿ ಅದೇ ಪುಟ ತೆರೆದಳು. ಗುರುವಾರ. ಕಪ್ಪು ಮೋಡ, ಮಳೆ. ಅಮರಪ್ಪ ಶೆಡ್ಡಿಗೆ ಓಡಿ, ತಾಡಪತ್ರಿ ಇಳಿಸಲು ಮೊದಲ ಹಗ್ಗ ಬಿಚ್ಚಿದ.

ಮಳೆ ಬಂತು. ಮಣೂಕಕ್ಕೆ ಹನಿಯೂ ತಾಗಲಿಲ್ಲ.

ಮರುದಿನ ಅಮರಪ್ಪನೇ ನೆಟ್‌ನವರಿಗೆ ಫೋನ್ ಹಚ್ಚಿದ. "ನಡುವಿನಾಂವ ನನಗ ಬ್ಯಾಡ್ರಿ." ಅವರು ಒಪ್ಪಿದರು. ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ತಾವೇ ಹಾಕಿದ್ದ ಪ್ರಾಕ್ಸಿ ತೆಗೆಯಲು ಹೇಳಿದರು, ತರನ್ನುಮ ತೆಗೆದಳು. ಶನಿವಾರ ತರನ್ನುಮ ಮತ್ತೆ ಬಂದಾಗ ಫೋನಿನ ಪುಟದಲ್ಲೂ ಶನಿವಾರವಾಗಿತ್ತು. ಗುರುಸಿದ್ದವ್ವ ಅವಳ ಕೈಗೆ ಇನ್ನೂ ಮೆತ್ತಗಿದ್ದ ಹೊಸ ಮಣೂಕ ಒಂದು ಬೊಗಸೆ ಸುರಿದಳು.

ನಿಮ್ಮ ಮನೆಯಲ್ಲೂ ಪುಟ ಹಳೆಯದೆನಿಸಿದರೆ ವೈಫೈ ಆರಿಸಿ, ಸಿಮ್ ಡೇಟಾದಲ್ಲಿ ತೆರೆದು ಹೋಲಿಸಿ. ಬೇರೆ ಬೇರೆ ಕಂಡರೆ ನೆಟ್‌ನವರನ್ನು ಕೇಳಿ: ನಡುವೆ ಪ್ರಾಕ್ಸಿ ಇದೆಯೇ? ಕೇಳಲು ಸಂಕೋಚ ಬೇಡ. ಬೀಗದ ಗುರುತಿಲ್ಲದ ಪುಟದಲ್ಲಿ ಪಾಸ್‌ವರ್ಡ್ ಬರೆಯಬೇಡಿ. ಅಂದ ಹಾಗೆ, ನಿಮ್ಮ ಫೋನಿನಲ್ಲಿ ಇವತ್ತು ಯಾವ ವಾರ? ಒಮ್ಮೆ ನೋಡಿ.